ಕಟಾವು ಯಂತ್ರದ ಬಾಡಿಗೆ ಗಂಟೆಗೆ ಇಷ್ಟು, ಉಳಿದ ಖರ್ಚು ಯಾರ ಲೆಕ್ಕಕ್ಕೆ?

ಅಕ್ಟೋಬರ್ ಬಂತೆಂದರೆ ಉಡುಪಿ, ಮಂಗಳೂರು ಕಡೆಯ ಪೇಪರುಗಳಲ್ಲಿ ಒಂದು ಸುದ್ದಿ ಖಾಯಂ. ಭತ್ತದ ಕಟಾವು ಯಂತ್ರಕ್ಕೆ ಗಂಟೆಗೆ ಇಂತಿಷ್ಟೇ ಬಾಡಿಗೆ, ಅದಕ್ಕಿಂತ ಜಾಸ್ತಿ ತೆಗೆದುಕೊಂಡರೆ ಕ್ರಮ ಅಂತ ಜಿಲ್ಲಾಡಳಿತ ಹೇಳುತ್ತದೆ. ಅದರ ಮುಂದಿನ ವಾರವೇ ಇನ್ನೊಂದು ಸುದ್ದಿ: ನಿಗದಿಯಾದ ಬಾಡಿಗೆಗೆ ಯಂತ್ರ ಸಿಗುತ್ತಿಲ್ಲ. ಹದಿನೈದು ದಿನ ಬಿಟ್ಟು ಮೂರನೆಯದು: ಬೈಹುಲ್ಲು ಸಿಗದೆ ಹೈನುಗಾರರಿಗೆ ತೊಂದರೆ.

ಓದುವವರಿಗೆ ಗೊಂದಲ ಆಗುವುದು ಸಹಜ. ಯಂತ್ರ ಸಾಕಾಗುತ್ತಿಲ್ಲ ಅನ್ನುವವರೂ ರೈತರೇ, ಯಂತ್ರದಿಂದ ಹುಲ್ಲು ಹಾಳಾಯಿತು ಅನ್ನುವವರೂ ರೈತರೇ. ಎಷ್ಟೋ ಸಲ ಎರಡನ್ನೂ ಹೇಳುವುದು ಒಂದೇ ಮನೆಯವರು. ಇದರಲ್ಲಿ ಸುಳ್ಳು ಹೇಳುತ್ತಿರುವವರು ಯಾರೂ ಇಲ್ಲ. ಬಾಡಿಗೆ ಅನ್ನುವುದು ಯಂತ್ರದ ಖರ್ಚಿನ ಕಣ್ಣಿಗೆ ಕಾಣುವ ತುಂಡು ಮಾತ್ರ. ಕಾಣದ ತುಂಡುಗಳು ದನದ ಹಟ್ಟಿಗೆ, ಅಂಗಳಕ್ಕೆ, ಮುಂದಿನ ಬೆಳೆಗೆ, ಕೆಲಸ ಕಳೆದುಕೊಂಡವರ ಮನೆಗೆ ಹಂಚಿಹೋಗುತ್ತವೆ.

ಯಂತ್ರ ಯಾಕೆ ಬೇಕಾಯಿತು

ಮೊದಲು ಕೊಯ್ಲು ಅಂದರೆ ಕತ್ತಿ ಹಿಡಿದು ಕೊಯ್ಯುವುದು, ಒಂದೆರಡು ದಿನ ಗದ್ದೆಯಲ್ಲೇ ಒಣಗಲು ಬಿಡುವುದು, ಸೂಡಿ ಕಟ್ಟಿ ತಲೆ ಮೇಲೆ ಹೊತ್ತು ಅಂಗಳಕ್ಕೆ ತರುವುದು, ಹಡಿಮಂಚದಲ್ಲಿ ಬಡಿಯುವುದು, ಗಾಳಿಗೆ ತೂರಿ ಜೊಳ್ಳು ಬೇರೆ ಮಾಡುವುದು. ಐದು ಕೆಲಸ, ಐದಕ್ಕೂ ಜನ. ಅದರಲ್ಲಿ ಮುಕ್ಕಾಲು ಪಾಲು ಹೆಂಗಸರು.

ಆ ಜನ ಈಗ ಇಲ್ಲ. ಮುಂಬೈ, ಗಲ್ಫ್, ಗೇರುಬೀಜದ ಫ್ಯಾಕ್ಟರಿ, ಬೀಡಿ, ಮೀನಿನ ಬಂದರು, ಕಟ್ಟಡದ ಕೆಲಸ, ಹೀಗೆ ಒಂದೊಂದು ಕಡೆ ಹೋದರು. ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಜಾಗ ಸಿಕ್ಕಿದ್ದು ಈ ಜಿಲ್ಲೆಗಳ ಮಟ್ಟಿಗೆ ದೊಡ್ಡ ಒಳ್ಳೆಯ ಕೆಲಸ. ಆದರೆ ಆಮೇಲೆ ಮನೆಮನೆಯಲ್ಲೂ ಪಾಲಾಗುತ್ತಾ ಹೋಗಿ ಈಗ ಒಂದು ಮನೆಗೆ ಅರ್ಧ ಎಕರೆ, ಮುಕ್ಕಾಲು ಎಕರೆ ಗದ್ದೆ. ಅಷ್ಟಕ್ಕಾಗಿ ಮನೆ ಮಗ ಊರಲ್ಲೇ ಕೂರುವುದಿಲ್ಲ.

ಒಂದು ಎಕರೆಗೆ ಲೆಕ್ಕ ಹಾಕಿ ನೋಡೋಣ. ಕೊಯ್ದು, ಹೊತ್ತು, ಬಡಿಯಲು 16 ಆಳು ಬೇಕು, ಸರಾಸರಿ ಕೂಲಿ 600 ರೂಪಾಯಿ ಅಂತ ಇಟ್ಟುಕೊಂಡರೆ 9,600. ಚಾ, ತಿಂಡಿ, ಊಟ ಬೇರೆ. ಯಂತ್ರಕ್ಕೆ ಗಂಟೆಗೆ 2,500 ಅಂತ ಇಟ್ಟುಕೊಳ್ಳಿ, ಒಂದೂವರೆ ಗಂಟೆಯಲ್ಲಿ ಮುಗಿದರೆ 3,750. ಸಂಜೆಯೊಳಗೆ ಭತ್ತ ಗೋಣಿಯಲ್ಲಿ. ಆಕಾಶದಲ್ಲಿ ಮೋಡ ಕಟ್ಟಿರುವಾಗ ಈ ಎರಡರಲ್ಲಿ ಯಾವುದು ಅಂತ ಕೇಳುವುದೇ ಬೇಡ, ಅಲ್ವಾ?

2021ರಲ್ಲಿ ಉಡುಪಿಯಲ್ಲಿ ನಡೆದ ಹಡಿಲು ಭೂಮಿ ಆಂದೋಲನ ನೆನಪಿರಬಹುದು. ವರ್ಷಗಟ್ಟಲೆ ಪಾಳು ಬಿದ್ದ ಗದ್ದೆಗಳಲ್ಲಿ ಮತ್ತೆ ಭತ್ತ ಬೆಳೆದರು. ನಾಟಿಗೂ ಕಟಾವಿಗೂ ಯಂತ್ರ ಇಲ್ಲದಿದ್ದರೆ ಅದು ಫೋಟೋ ತೆಗೆಯುವ ದಿನದಿಂದ ಮುಂದಕ್ಕೆ ಹೋಗುತ್ತಿರಲಿಲ್ಲ. ಹಾಗಾಗಿ ಯಂತ್ರ ಬೇಡವೇ ಬೇಡ ಅನ್ನುವ ವಾದವನ್ನು ಇಲ್ಲಿಯೇ ಬದಿಗಿಡಬಹುದು.

ನಿಗದಿಯಾದ ಬಾಡಿಗೆ ಯಾಕೆ ನಿಲ್ಲುವುದಿಲ್ಲ

ಇಲ್ಲಿನ ಏಣೇಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಬಹುಪಾಲು ಒಂದೇ ಹೊತ್ತಿಗೆ ನಾಟಿಯಾಗುತ್ತದೆ, ಜೂನ್ ಕೊನೆ, ಜುಲೈ. ತಳಿಯೂ ಹೆಚ್ಚುಕಡಿಮೆ ಒಂದೇ, ಎಂಒ4, ಇಲ್ಲವೇ ಜ್ಯೋತಿ. ಹಾಗಾಗಿ ಬ್ರಹ್ಮಾವರದ ಗದ್ದೆ, ಕಾಪುವಿನ ಗದ್ದೆ, ಮೂಲ್ಕಿಯ ಗದ್ದೆ ಎಲ್ಲಾ ಒಟ್ಟಿಗೇ ಹಣ್ಣಾಗುತ್ತವೆ. ಉಡುಪಿ ಜಿಲ್ಲೆಯಲ್ಲೇ 35 ಸಾವಿರ ಹೆಕ್ಟೇರಿಗೂ ಮೇಲೆ ಭತ್ತ. ಇಷ್ಟನ್ನೂ ಮೂರು ನಾಲ್ಕು ವಾರದಲ್ಲಿ ಕೊಯ್ದು ಮುಗಿಸಬೇಕು, ಅದೂ ಹಿಂಗಾರಿನ ಗುಡುಗು ಮಳೆಯ ಮಧ್ಯೆ.

ಬಾಡಿಗೆಗೆ ಯಂತ್ರ ಕೊಡುವ ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಯಂತ್ರ ಇದೆ, ಸಾಲುವುದಿಲ್ಲ. ಉಳಿದದ್ದು ತಮಿಳುನಾಡಿನಿಂದ, ಘಟ್ಟದ ಮೇಲಿನಿಂದ ಲಾರಿ ಹತ್ತಿ ಬರುತ್ತದೆ. ಅವರಿಗೂ ಸಾಲದ ಕಂತು ಇದೆ, ಡ್ರೈವರ್ ಸಂಬಳ ಇದೆ, ಲಾರಿ ಬಾಡಿಗೆ ಇದೆ. ಎರಡು ದಿನ ಮಳೆ ಹೊಡೆದರೆ ಯಂತ್ರ ಟಾರ್ಪಾಲು ಹೊದ್ದು ಮಲಗುತ್ತದೆ, ಕಂತು ಮಲಗುವುದಿಲ್ಲ. ಮಳೆ ಬಿಟ್ಟ ಬೆಳಿಗ್ಗೆ ನಲವತ್ತು ಜನ ಒಬ್ಬನೇ ಏಜೆಂಟಿಗೆ ಫೋನ್ ಮಾಡುತ್ತಾರೆ. ಆಗ ಆದೇಶದ ಪ್ರತಿ ಯಾರ ಕಿಸೆಯಲ್ಲೂ ಇರುವುದಿಲ್ಲ, ಮಾರಾಯ್ರೆ.

ಗಂಟೆ ಲೆಕ್ಕದಲ್ಲೂ ಒಂದು ಸೂಕ್ಷ್ಮ ಇದೆ. ಬಯಲುಸೀಮೆಯ ಒಂದು ಎಕರೆ ಅಂದರೆ ಒಂದೇ ತುಂಡು, ಯಂತ್ರ ಉದ್ದಕ್ಕೆ ಹೋಗಿ ಉದ್ದಕ್ಕೆ ಬರುತ್ತದೆ. ಕರಾವಳಿಯ ಒಂದು ಎಕರೆ ಅಂದರೆ ಏಳೆಂಟು ಗದ್ದೆ, ಒಂದೊಂದರ ಮಟ್ಟ ಬೇರೆ, ಮಧ್ಯೆ ಹುಣಿ, ಅಂದರೆ ಗದ್ದೆಯ ಬದು. ಯಂತ್ರ ಕೊಯ್ಯುವುದಕ್ಕಿಂತ ತಿರುಗುವುದೇ ಜಾಸ್ತಿ. ಪೈರು ಮಲಗಿದ್ದರಂತೂ ಒಂದೇ ಕಡೆಯಿಂದ ಕೊಯ್ಯಬೇಕು. ಒಂದೂವರೆ ಗಂಟೆಯ ಕೆಲಸ ಎರಡೂವರೆ ಗಂಟೆಯಾದರೆ 3,750 ಇದ್ದದ್ದು 6,250. ಸರಿ, ಎಕರೆಗೆ ಇಷ್ಟು ಅಂತ ಮಾಡೋಣ ಅಂದರೆ ಡ್ರೈವರ್ ಅವಸರ ಮಾಡುತ್ತಾನೆ, ಮೂಲೆಯ ತೆನೆ ಹಾಗೇ ಉಳಿಯುತ್ತದೆ, ಕಾಳು ನೆಲಕ್ಕೆ ಉದುರುತ್ತದೆ.

ಹುಲ್ಲಿನ ಜಗಳ

ಯಂತ್ರದ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡಿದರೆ ಹುಲ್ಲಿನ ಕಥೆ ಅರ್ಥ ಆಗುತ್ತದೆ. ಮುಂದಿನ ರಾಟೆ ಪೈರನ್ನು ಒಳಕ್ಕೆ ಬಾಗಿಸುತ್ತದೆ, ಬುಡದ ಹಲ್ಲುಗಳು ಕತ್ತರಿಸುತ್ತವೆ, ತೆನೆಯೂ ದಂಟೂ ಒಟ್ಟಿಗೇ ಒಳಗೆ ಹೋಗಿ ಹಲ್ಲಿರುವ ಡ್ರಮ್ಮಿಗೆ ಸಿಕ್ಕಿ ಜಜ್ಜಿಹೋಗುತ್ತವೆ. ಕಾಳು ಜರಡಿಯಿಂದ ಕೆಳಗೆ ಬಿದ್ದು ಟ್ಯಾಂಕಿಗೆ, ಹುಲ್ಲು ಹಿಂದಿನಿಂದ ಚೆಲ್ಲಾಪಿಲ್ಲಿಯಾಗಿ ಗದ್ದೆಗೆ.

ಕೈಯಲ್ಲಿ ಕೊಯ್ದಾಗ ಬುಡದಿಂದ ತುದಿಯವರೆಗೆ ನೆಟ್ಟಗೆ ಇರುವ ಹುಲ್ಲು ಸಿಗುತ್ತಿತ್ತು. ಅದನ್ನು ಕುತ್ತರಿ (ಬಣವೆ) ಹಾಕಬಹುದಿತ್ತು, ಅಕ್ಕಿ ತುಂಬುವ ಮುಡಿ ಕಟ್ಟಬಹುದಿತ್ತು, ಮುಂದಿನ ಮಳೆಗಾಲ ಕಳೆಯುವವರೆಗೆ ದನಕ್ಕೆ ಹಾಕಬಹುದಿತ್ತು. ಯಂತ್ರದ ಹುಲ್ಲಿನಲ್ಲಿ ಬುಡದ ಒಂದು ಪಾಲು ಗದ್ದೆಯಲ್ಲೇ ಕೂಳೆಯಾಗಿ ನಿಲ್ಲುತ್ತದೆ, ಉಳಿದದ್ದು ಜಜ್ಜಿ, ಚಕ್ರಕ್ಕೆ ಸಿಕ್ಕಿ, ಕೆಸರು ಮೆತ್ತಿಕೊಂಡಿರುತ್ತದೆ. ಮೂಸಿ ನೋಡಿ ಮುಖ ತಿರುಗಿಸುವ ದನಗಳೂ ಇವೆ.

ಬೇಲರ್ ತಂದು ಸುರುಳಿ ಸುತ್ತಿಸಬಹುದು, ಈಗ ಬಹಳ ಕಡೆ ಸುತ್ತಿಸುತ್ತಾರೆ ಕೂಡ. ಆದರೆ ಹುಲ್ಲು ಒಣಗಿರಬೇಕು. ಕೊಯ್ದ ರಾತ್ರಿಯೇ ಮಳೆ ಬಂದರೆ ಎರಡು ದಿನದಲ್ಲಿ ಮುಗ್ಗಲು ವಾಸನೆ. ಬೇಲರಿಗೆ ಮತ್ತೆ ಬೇರೆ ಬಾಡಿಗೆ, ಅದೂ ಸುರುಳಿ ಲೆಕ್ಕದಲ್ಲಿ.

ಪರಿಣಾಮ ಹೀಗೆ ಸಾಗುತ್ತದೆ. ಮನೆ ಹುಲ್ಲು ಇಲ್ಲದವರು ಘಟ್ಟದ ಮೇಲಿನ ಹುಲ್ಲು ಲಾರಿಯಲ್ಲಿ ತರಿಸುತ್ತಾರೆ. ಅದರ ಸಾಗಾಟದ ಖರ್ಚು ಹಾಲಿನ ಮೇಲೆ ಬೀಳುತ್ತದೆ. ಡಿಪೋದಲ್ಲಿ ಹಾಲಿನ ರೇಟು ಅದಕ್ಕೆ ಸರಿಯಾಗಿ ಏರುವುದಿಲ್ಲ. ಎರಡು ದನ ಇದ್ದವರು ಒಂದನ್ನು ಕೊಡುತ್ತಾರೆ, ಒಂದಿದ್ದವರು ಹಟ್ಟಿಯನ್ನೇ ಕಟ್ಟಿಗೆ ಇಡುವ ಕೊಟ್ಟಿಗೆ ಮಾಡುತ್ತಾರೆ. ದನ ಹೋದರೆ ಗೊಬ್ಬರ ಹೋಯಿತು, ಗೊಬ್ಬರ ಹೋದರೆ ಮುಂದಿನ ವರ್ಷ ಯೂರಿಯಾ ಚೀಲ ಎರಡು ಜಾಸ್ತಿ. ಬಾಡಿಗೆಯ ರಶೀದಿಯಲ್ಲಿ ಇದ್ಯಾವುದೂ ಇರುವುದಿಲ್ಲ.

ಒಂದು ವಿಷಯದಲ್ಲಿ ನಮ್ಮ ಮಳೆ ನಮ್ಮನ್ನು ಕಾಪಾಡಿದೆ ಅನ್ನಬೇಕು, ಒದ್ದೆ ಕೂಳೆಗೆ ಬೆಂಕಿ ಹತ್ತುವುದಿಲ್ಲ. ಪಂಜಾಬ್, ಹರಿಯಾಣದಲ್ಲೂ ಇದೇ ಯಂತ್ರ ಇದೇ ಕೂಳೆ ಬಿಡುತ್ತದೆ. ಅಂತರ್ಜಲ ಉಳಿಸಲಿಕ್ಕೆ ಅಂತ 2009ರಲ್ಲಿ ತಂದ ಕಾನೂನಿನಿಂದ ಅಲ್ಲಿ ಭತ್ತದ ನಾಟಿ ಮುಂದಕ್ಕೆ ಹೋಯಿತು. ಕಟಾವಿಗೂ ಗೋಧಿ ಬಿತ್ತನೆಗೂ ನಡುವೆ ಉಳಿಯುವುದು ಎರಡು ಮೂರು ವಾರ. ಕೂಳೆಗೆ ಬೆಂಕಿ ಕೊಡುತ್ತಾರೆ. ದೆಹಲಿಯವರಿಗೆ ಉಸಿರು ಕಟ್ಟುತ್ತದೆ.

ಅಂಗಳಕ್ಕೆ ಬಂದ ನೀರು

ಕತ್ತಿಯ ಕೊಯ್ಲಿನಲ್ಲಿ ಪೈರು ಗದ್ದೆಯಲ್ಲೇ ಸ್ವಲ್ಪ ಒಣಗುತ್ತಿತ್ತು ಅಂತ ಹೇಳಿದೆ. ಯಂತ್ರದಲ್ಲಿ ಆ ಎರಡು ದಿನ ಇಲ್ಲ. ಟ್ಯಾಂಕಿನಿಂದ ಸುರಿಯುವ ಭತ್ತದ ತೇವ 22, 24 ಪರ್ಸೆಂಟ್ ಇರುವುದು ಮಾಮೂಲಿ. ಸರ್ಕಾರದ ಬೆಂಬಲ ಬೆಲೆ ಸಿಗಬೇಕಾದರೆ 17 ಪರ್ಸೆಂಟ್ ಮೀರಬಾರದು. ಮನೆಯಲ್ಲಿ ಇಟ್ಟುಕೊಳ್ಳಬೇಕಾದರೆ 14ಕ್ಕೆ ಇಳಿಯಬೇಕು.

24 ಪರ್ಸೆಂಟ್ ತೇವದ 20 ಕ್ವಿಂಟಾಲ್ ಭತ್ತವನ್ನು 14ಕ್ಕೆ ಒಣಗಿಸಿದರೆ ಉಳಿಯುವುದು ಸುಮಾರು 17.7 ಕ್ವಿಂಟಾಲ್. ಅಂದರೆ ಎರಡೂಕಾಲು ಕ್ವಿಂಟಾಲಿನಷ್ಟು ನೀರನ್ನು ಅಂಗಳದಲ್ಲಿ ಆರಿಸಬೇಕು. ಅಕ್ಟೋಬರಿನಲ್ಲಿ! ಮಧ್ಯಾಹ್ನ ಮೂರರ ಮೇಲೆ ಮೋಡ, ಓಡಿ ಬಂದು ಟಾರ್ಪಾಲು ಎಳೆಯುವುದು, ಮತ್ತೆ ಬೆಳಿಗ್ಗೆ ಹರವುವುದು, ಕಾಲಿನಿಂದ ಎಳೆದು ತಿರುವುವುದು. ಈ ಕೆಲಸಕ್ಕೆ ಕೂಲಿ ಯಾರೂ ಕೊಡುವುದಿಲ್ಲ, ಮನೆಯ ಹೆಂಗಸರೇ ಮಾಡುತ್ತಾರೆ. ಯಂತ್ರ ಗದ್ದೆಯಲ್ಲಿ ಉಳಿಸಿದ ಶ್ರಮದ ಒಂದು ಭಾಗವನ್ನು ಹೀಗೆ ಮನೆ ಅಂಗಳಕ್ಕೆ ಸಾಗಿಸಿದೆ.

ಒಣಗಿಸಲಾಗದವರು ಅದೇ ದಿನ ಮಿಲ್ಲಿಗೆ ಕೊಡುತ್ತಾರೆ. ಮಿಲ್ಲಿನವರು ತೇವಕ್ಕೆ ಕಡಿತ ಹಾಕುತ್ತಾರೆ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ ಅಂತ ಇದ್ದರೂ ಅದು ಕಾಗದದಲ್ಲೇ ಉಳಿಯುವುದಕ್ಕೆ ಮುಖ್ಯ ಕಾರಣ ಇದು. ಖರೀದಿ ಕೇಂದ್ರ ತೆರೆದು ತೂಕ ಶುರುವಾಗುವ ಹೊತ್ತಿಗೆ ಇಲ್ಲಿನ ಭತ್ತ ಮಾರಿ ಆಗಿರುತ್ತದೆ. ಕೊಯ್ಲು ಚುರುಕಾಯಿತು, ಖರೀದಿ ಹಳೆಯ ನಡಿಗೆಯಲ್ಲೇ ಇದೆ.

ನೆಲ, ಬೀಜ, ಹಾವು, ಹಕ್ಕಿ

ಬೆಲ್ಟಿನ ಕಟಾವು ಯಂತ್ರ ಅಂದರೆ ಮೂರು ಟನ್ನಿಗೂ ಮೇಲೆ ಭಾರ, ಟ್ಯಾಂಕ್ ತುಂಬಿದರೆ ಇನ್ನೂ ಜಾಸ್ತಿ. ಟಯರಿನ ಯಂತ್ರ ಇಲ್ಲಿನ ಬೈಲು ಗದ್ದೆಗೆ ಇಳಿದರೆ ಹೂತುಹೋಗುತ್ತದೆ, ಅದಕ್ಕೇ ರಬ್ಬರ್ ಬೆಲ್ಟು. ಅದು ಭಾರವನ್ನು ಹರಡುತ್ತದೆ ನಿಜ. ಆದರೆ ಹಸಿ ಗದ್ದೆಯಲ್ಲಿ ನಿಂತಲ್ಲೇ ತಿರುಗುವಾಗ ಮೊಣಕಾಲುದ್ದ ಗುಂಡಿ ಬೀಳುತ್ತದೆ.

ಗುಂಡಿ ಬಿದ್ದರೆ ಏನಾಯಿತು ಅಂತ ಕೇಳಬಹುದು. ಏಣೇಲು ಕೊಯ್ದ ಮೇಲೆ ನೆಲದಲ್ಲಿ ಉಳಿದ ಪಸೆಯಲ್ಲೇ ಉದ್ದು, ಹೆಸರು, ಹುರುಳಿ ಬಿತ್ತುವುದು ಇಲ್ಲಿನ ಕ್ರಮ. ಕೆಲವು ಕಡೆ ಕಲ್ಲಂಗಡಿ, ಮಟ್ಟು ಊರಿನಲ್ಲಿ ಗುಳ್ಳ ಬದನೆ. ನೆಲ ಒತ್ತಿ ಗಟ್ಟಿಯಾದರೆ ಬೇರು ಇಳಿಯುವುದಿಲ್ಲ, ಗುಂಡಿಯಲ್ಲಿ ನೀರು ನಿಂತರೆ ಉದ್ದು ಕೊಳೆಯುತ್ತದೆ. ಮಟ್ಟ ಮಾಡಲು ಇನ್ನೊಮ್ಮೆ ಟಿಲ್ಲರ್ ಇಳಿಸಬೇಕು. ಅಷ್ಟರಲ್ಲಿ ಪಸೆ ಆರಿಹೋಗುತ್ತದೆ. ಹಾಗಾಗಿ ಎಷ್ಟೋ ಜನ ಎರಡನೇ ಬೆಳೆಯನ್ನೇ ಬಿಟ್ಟಿದ್ದಾರೆ. ಕೊಯ್ಲಿಗೆ ಹತ್ತು ಹದಿನೈದು ದಿನ ಮೊದಲೇ ಗದ್ದೆಯ ನೀರು ಕಡಿದರೆ ಅರ್ಧ ತೊಂದರೆ ತಪ್ಪುತ್ತದೆ. ಮೇಲಿನ ಗದ್ದೆಯವರೂ ಒಟ್ಟಿಗೆ ಕಡಿಯಬೇಕು ಅನ್ನುವುದೇ ಅದರ ಕಷ್ಟ.

ಬೀಜದ ವಿಷಯ ಪೇಪರಿನಲ್ಲಿ ಬರುವುದಿಲ್ಲ. ಯಂತ್ರದ ಜರಡಿ, ಕೊಳವೆ, ಟ್ಯಾಂಕಿನ ಮೂಲೆಯಲ್ಲಿ ಹಿಂದಿನ ಗದ್ದೆಯ ಕಾಳು ಉಳಿದಿರುತ್ತದೆ. ಅದರ ಜೊತೆ ಕಳೆಯ ಬೀಜ, ಭತ್ತದಂತೆಯೇ ಕಾಣುವ ಕಾಡುಭತ್ತದ ಬೀಜ ಕೂಡ ಊರಿಂದ ಊರಿಗೆ ಬರುತ್ತದೆ. ಮನೆಯ ಕಜೆ ಭತ್ತದಿಂದ ಮುಂದಿನ ವರ್ಷಕ್ಕೆ ಬೀಜ ತೆಗೆದಿಡುವವರಿಗೆ ಇದು ದೊಡ್ಡ ಪೆಟ್ಟು. ಎರಡು ವರ್ಷದಲ್ಲಿ ಗದ್ದೆ ಪೂರ್ತಿ ಬೆರಕೆ.

ಡೀಸೆಲ್ ಗಂಟೆಗೆ ಎಂಟು ಹತ್ತು ಲೀಟರ್ ಸುಡುತ್ತದೆ. ಇನ್ನು ಹಾವು, ಹಕ್ಕಿ. ಕತ್ತಿ ಹಿಡಿದವರ ಕಾಲ ಸದ್ದಿಗೆ ಕೇರೆ ಹಾವು ಸರಿದುಹೋಗುತ್ತಿತ್ತು. ಯಂತ್ರ ಸುತ್ತಲಿಂದ ಕೊಯ್ಯುತ್ತಾ ನಡುವಿಗೆ ಬರುವಾಗ ಒಳಗಿದ್ದದ್ದಕ್ಕೆ ಹೊರಬರುವ ದಾರಿ ಇರುವುದಿಲ್ಲ. ಇಲಿ ಹಿಡಿಯುವ ಹಾವು ಸತ್ತರೆ ಮುಂದಿನ ವರ್ಷ ಇಲಿ. ಯಂತ್ರದ ಹಿಂದೆ ಸಾಲಾಗಿ ನಡೆಯುವ ಬೆಳ್ಳಕ್ಕಿಗಳಿಗೆ ಮಾತ್ರ ಹಬ್ಬ.

ದ್ರಾಕ್ಷಿ ತೋಟದಲ್ಲೂ ಇದೇ ಲೆಕ್ಕ

ನಮ್ಮ ಊರಿನ ಈ ಜಗಳ ಹೊಸದೇನಲ್ಲ. ವೈನ್ ಮಾಡುವ ದೇಶಗಳು ಇದನ್ನು ಐವತ್ತು ವರ್ಷದಿಂದ ನೋಡುತ್ತಿವೆ. ಅಲ್ಲಿ ಯಂತ್ರ ಬಳ್ಳಿಯ ಸಾಲಿನ ಮೇಲೆ ಎರಡೂ ಬದಿಗೆ ಕಾಲಿಟ್ಟು ನಡೆಯುತ್ತದೆ, ಒಳಗಿನ ಕೋಲುಗಳು ಬಳ್ಳಿಯನ್ನು ಅಲುಗಾಡಿಸಿ ಹಣ್ಣು ಉದುರಿಸುತ್ತವೆ. ಹತ್ತಾರು ಆಳುಗಳ ಕೆಲಸ ಒಂದು ಯಂತ್ರ ಮಾಡುತ್ತದೆ, ರಾತ್ರಿಯೂ ಮಾಡುತ್ತದೆ. ಆಸ್ಟ್ರೇಲಿಯಾದ ವೈನ್ ದ್ರಾಕ್ಷಿಯ ಬಹುಪಾಲು ಕೊಯ್ಲು ಹೀಗೇ. 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಭಾರತ-ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದದಿಂದ ಅಲ್ಲಿನ ವೈನಿನ ಮೇಲೆ ನಮ್ಮ ಸುಂಕ ಇಳಿದಿದೆ. ಹಾಗಾಗಿ ಆ ಯಂತ್ರದ ಹಣ್ಣು ಮಂಗಳೂರಿನ ಅಂಗಡಿಯ ಕಪಾಟಿಗೂ ಬಂದಿದೆ ಅನ್ನಬಹುದು. ನಮ್ಮ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಬೆಂಗಳೂರು ನೀಲಿ ದ್ರಾಕ್ಷಿ ಚಪ್ಪರದ ಮೇಲೆ ಹಬ್ಬುವುದು. ಅದರ ಕೆಳಗೆ ಆ ಯಂತ್ರ ನುಗ್ಗುವುದೇ ಇಲ್ಲ.

ಅಲ್ಲಿಯೂ ಯಂತ್ರ ತನಗೆ ಬೇಕಾದ ಹಾಗೆ ತೋಟವನ್ನೇ ಬದಲಿಸಿತು. ಸಾಲು ನೇರ ಇರಬೇಕು, ನೆಲ ಸಪಾಟಿರಬೇಕು. ಜರ್ಮನಿಯ ಮೋಸೆಲ್ ನದಿ ಬದಿಯ ಕಡಿದಾದ ಇಳಿಜಾರಿನ ತೋಟಗಳು ಕಡಿಮೆಯಾಗುತ್ತಾ ಬಂದದ್ದಕ್ಕೆ ಕೈಕೆಲಸದ ಖರ್ಚು ಒಂದು ದೊಡ್ಡ ಕಾರಣ. ಹಣ್ಣು ಅಲುಗಾಟಕ್ಕೆ ಒಡೆದು ರಸ ಸೋರುವುದರಿಂದ ಕೆಡದಂತೆ ತೋಟದಲ್ಲೇ ಗಂಧಕದ ರಾಸಾಯನಿಕ ಹಾಕಬೇಕಾಗುತ್ತದೆ. ಸ್ಪೇನಿನ ಆಂಡಲೂಸಿಯಾದಲ್ಲಿ ಆಲಿವ್ ತೋಟದ ಇಂಥದೇ ಯಂತ್ರಗಳು ರಾತ್ರಿ ಮಲಗಿದ ಹಕ್ಕಿಗಳನ್ನು ಸಾವಿರಗಟ್ಟಲೆ ಎಳೆದುಕೊಳ್ಳುತ್ತಿದ್ದವು. 2019ರಲ್ಲಿ ರಾತ್ರಿ ಕೊಯ್ಲು ನಿಲ್ಲಿಸಿದರು.

ಹಾಗಾದರೆ ಕೈ ಕೊಯ್ಲೇ ಒಳ್ಳೆಯದಾ? ಫ್ರಾನ್ಸಿನ ಶಾಂಪೇನ್ ಪ್ರದೇಶದಲ್ಲಿ ನಿಯಮದ ಪ್ರಕಾರ ಕೈಯಲ್ಲೇ ಕೊಯ್ಯಬೇಕು, ಸೀಸನ್ನಿಗೆ ಸುಮಾರು 1,20,000 ಜನ ಬರುತ್ತಾರೆ. 2023ರ ಸೆಪ್ಟೆಂಬರಿನ ಬಿಸಿಲಿನಲ್ಲಿ ಅಲ್ಲಿ ಕನಿಷ್ಠ ನಾಲ್ಕು ಕೂಲಿಯವರು ಸತ್ತರು. ಅದೇ ಕೊಯ್ಲಿನಲ್ಲಿ ದಾಖಲೆ ಇಲ್ಲದ ಐವತ್ತಕ್ಕೂ ಹೆಚ್ಚು ವಲಸೆ ಕೂಲಿಗಳನ್ನು ಕೊಳಕು ಮನೆಯಲ್ಲಿ ತುಂಬಿ ದುಡಿಸಿದ್ದು ಬೆಳಕಿಗೆ ಬಂತು, 2025ರ ಜುಲೈಯಲ್ಲಿ ಮೂವರಿಗೆ ಮಾನವ ಸಾಗಣೆಯ ಅಪರಾಧಕ್ಕೆ ಶಿಕ್ಷೆಯಾಯಿತು. ನಮ್ಮಲ್ಲಿಯೂ ಹಳೆಯ ಕೊಯ್ಲನ್ನು ಹಬ್ಬದ ಹಾಗೆ ವರ್ಣಿಸುವವರು ಒಂದು ಮರೆಯುತ್ತಾರೆ. ದಿನವಿಡೀ ಬಗ್ಗಿ ಕೊಯ್ದ ಹೆಂಗಸಿಗೆ ಗಂಡಸಿಗಿಂತ ಕಮ್ಮಿ ಕೂಲಿ ಸಿಗುತ್ತಿತ್ತು, ಬೆನ್ನು ನೋವು ಮಾತ್ರ ಆಯುಷ್ಯಪೂರ್ತಿ.

ದಾರಿ ಇಲ್ಲದ ಗದ್ದೆ

ಮುಂದೆ ಏನಾಗಬಹುದು ಅನ್ನುವುದಕ್ಕೆ ಈಗಾಗಲೇ ಕಾಣುವ ಒಂದು ಗುರುತು ಇದೆ. ರಸ್ತೆ ಬದಿಯ ಗದ್ದೆಗೆ ಯಂತ್ರ ಬರುತ್ತದೆ. ಒಳಗಿನ ಗದ್ದೆಗೆ ಬರಬೇಕಾದರೆ ಹೊರಗಿನವರದ್ದು ಮೊದಲು ಕೊಯ್ದು ಆಗಬೇಕು, ಅವರು ದಾಟಲು ಬಿಡಬೇಕು. ಹೊರಗಿನವರು ತಡ ಮಾಡಿದರೆ ಒಳಗಿನವರ ಭತ್ತ ಉದುರುತ್ತದೆ. ಹೊರಗಿನವರು ತೆಂಗು, ಅಡಿಕೆ ಇಟ್ಟರೆ ಒಳಗಿನವರ ದಾರಿಯೇ ಮುಚ್ಚಿತು. ಮೊದಲು ಹಡಿಲು ಬೀಳುವುದು ಇಂಥ ಗದ್ದೆಗಳೇ. ಎತ್ತು ಹೋಗುತ್ತಿದ್ದ ಹುಣಿಯಲ್ಲಿ ಯಂತ್ರ ಹೋಗುವುದಿಲ್ಲ.

ತಳಿಯ ಆಯ್ಕೆಯೂ ಬದಲಾಗುತ್ತದೆ. ಉದ್ದ ಹುಲ್ಲಿನ, ಗಾಳಿಗೆ ಮಲಗುವ ಹಳೆಯ ತಳಿಗಳನ್ನು ಬಿಟ್ಟು ಗಿಡ್ಡ ತಳಿ ಹಾಕುತ್ತಾರೆ. ಹುಲ್ಲು ಇನ್ನೂ ಕಡಿಮೆಯಾಗುತ್ತದೆ.

ದಾರಿಗಳು ಇಲ್ಲದೆ ಇಲ್ಲ. ಟಿಲ್ಲರಿನಷ್ಟೇ ಗಾತ್ರದ ಸಣ್ಣ ರೀಪರ್ ಇದೆ, ಅದು ಪೈರನ್ನು ಬುಡಕ್ಕೆ ಕೊಯ್ದು ಸಾಲಾಗಿ ಮಲಗಿಸುತ್ತದೆ. ಸೂಡಿ ಕಟ್ಟಿಯೇ ಬಿಡುವ ರೀಪರೂ ಇದೆ. ಹುಲ್ಲು ನೆಟ್ಟಗೆ ಸಿಗುತ್ತದೆ, ನೆಲಕ್ಕೆ ಭಾರ ಇಲ್ಲ, ಸಣ್ಣ ಹುಣಿಯಲ್ಲಿ ದಾಟುತ್ತದೆ. ಆಮೇಲೆ ಒಕ್ಕುವ ಯಂತ್ರಕ್ಕೆ ಕೊಡಬೇಕು, ಅದಕ್ಕೆ ನಾಲ್ಕು ಜನ ಬೇಕು. ಮೋಡ ಇದ್ದ ದಿನ ಇದು ನಿಧಾನ. ದನ ಇಟ್ಟುಕೊಂಡ ಸಣ್ಣ ರೈತರಿಗೆ ಲೆಕ್ಕ ಕೂಡುತ್ತದೆ, ಬರೀ ಭತ್ತ ಮಾರುವವರಿಗೆ ಕೂಡಲಿಕ್ಕಿಲ್ಲ.

ದೊಡ್ಡ ಯಂತ್ರವೇ ಬೇಕು ಅನ್ನುವಲ್ಲಿ ಬೈಲಿಗೆ ಬೈಲನ್ನೇ ಒಂದು ಲೆಕ್ಕಕ್ಕೆ ಹಿಡಿದು ನೀರು ಕಡಿಯುವ ದಿನ, ಕೊಯ್ಯುವ ದಿನ ಮೊದಲೇ ಗೊತ್ತು ಮಾಡಿದರೆ ತಿರುಗಾಟದ ಗಂಟೆ ಉಳಿಯುತ್ತದೆ, ದಾರಿಯ ಜಗಳವೂ ತಪ್ಪುತ್ತದೆ. ಜಿಲ್ಲಾಡಳಿತದ ಆದೇಶದಲ್ಲಿ ಗಂಟೆಯ ರೇಟಿನ ಜೊತೆ ಈ ಪಟ್ಟಿ ಇದ್ದರೆ ಆ ರೇಟು ನಿಂತೀತು. ಸೊಸೈಟಿಗೊಂದು ಡ್ರೈಯರ್ ಇಟ್ಟು, ಕೊಯ್ಲು ಶುರುವಾಗುವ ವಾರವೇ ಖರೀದಿ ಶುರು ಮಾಡಿದರೆ ಬೆಂಬಲ ಬೆಲೆ ಕೂಡ ರೈತರ ಕೈಗೆ ಸಿಕ್ಕೀತು. ಇದಕ್ಕೆ ಹೊಸ ಯಂತ್ರ ಕಂಡುಹಿಡಿಯಬೇಕಾಗಿಲ್ಲ. ಸೆಪ್ಟೆಂಬರಿನಲ್ಲೇ ಒಂದು ಮೀಟಿಂಗ್ ಕರೆಯಬೇಕು, ಅಷ್ಟೇ.

ಅಲ್ಲಿಯವರೆಗೆ, ಈ ಸಲ ಲಾರಿಯಿಂದ ಯಂತ್ರ ಇಳಿಯುವಾಗ ಡ್ರೈವರನ್ನು ಎರಡು ಮಾತು ಕೇಳಿ. "ಅಣ್ಣಾ, ಹಿಂದಿನ ಗದ್ದೆಯಲ್ಲಿ ಕೊಯ್ದದ್ದು ಯಾವ ತಳಿ? ಗದ್ದೆಗೆ ಇಳಿಸುವ ಮೊದಲು ಹತ್ತು ನಿಮಿಷ ಖಾಲಿ ಓಡಿಸಿ ಟ್ಯಾಂಕ್ ಗುಡಿಸ್ತೀರಾ?" ಆ ಹತ್ತು ನಿಮಿಷಕ್ಕೂ ಅವರು ಬಾಡಿಗೆ ಕೇಳಬಹುದು. ಸುಮಾರು 400 ರೂಪಾಯಿ. ಬೀಜಕ್ಕೆ ಇಡುವ ಗದ್ದೆಯಾದರೆ ಕೊಟ್ಟುಬಿಡಿ.